ಆರಂಭಿಕ ಕಾಲು

ಕೃತಕ ಕಾಲು ತಯಾರಿಕಾ ಕಚೇರಿಯ ಹದಿನಾಲ್ಕು ನೌಕರರೂ ಈ ವರ್ಷ ಬೆಳೆದಿದ್ದಾರೆ. ನೂರಕ್ಕೆ ನೂರು ಬೆಳವಣಿಗೆ ದಾಖಲಿಸಿದ ಏಕೈಕ ಶಾಖೆ ನಮ್ಮದೆಂದು ಮುಖ್ಯ ಕಚೇರಿಯಿಂದ ಬಂದ ಪತ್ರವನ್ನು ಸೂಚನಾ ಫಲಕದಲ್ಲಿ ಗಾಜಿನೊಳಗೆ ಹಾಕಲಾಗಿದೆ. ಇದೇ ಅವಧಿಯಲ್ಲಿ ನಾವು ತಯಾರಿಸಿದ ಕಾಲುಗಳ ಸಂಖ್ಯೆ ಮುನ್ನೂರ ಹನ್ನೆರಡರಿಂದ ನೂರ ಆರಕ್ಕೆ ಇಳಿದಿದೆ. ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಯಕೂಡದೆಂದು ಸೂಚನೆ ಇರುವುದರಿಂದ, ಎರಡನೆಯದನ್ನು ಓದುಗರು ಬೇರೆ ಹಾಳೆಯಲ್ಲಿ ಓದಿದಂತೆ ಭಾವಿಸಬೇಕಾಗಿ ವಿನಂತಿ.

ನಾನು ಈ ಕಚೇರಿಯ ಗುಮಾಸ್ತ. ಕಾಲು ಮಾಡುವುದು ನನಗೆ ಬರುವುದಿಲ್ಲ. ಅಳತೆ ಪುಸ್ತಕ ಬರೆಯುವುದು, ಸಿದ್ಧವಾದ ಕಾಲುಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವುದು, ಬಂದವರಿಂದ ಸಹಿ ಪಡೆದು ಕೊಡುವುದು, ಇಷ್ಟೇ ನನ್ನ ಕೆಲಸ. ಬೀರುವಿನ ಕೀಲಿಕೈ ನನ್ನ ಹತ್ತಿರ ಇರುತ್ತದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಕೀಲಿಕೈ ಮುಂದೆ ಬರುತ್ತದೆ, ಆಗ ಎಲ್ಲಿಂದ ಬಂತೆಂದು ಯಾರೂ ಕೇಳಬಾರದು.

ಮೊದಲು ಕೋಚಿಂಗ್ ಎಂದರೇನೆಂದು ತಿಳಿಸಬೇಕು. ಅದು ಪಾಠವಲ್ಲ. ಪಾಠ ಹೇಳುವವರಿಗೆ ವಿಷಯ ತಿಳಿದಿರಬೇಕಾಗುತ್ತದೆ. ಕೋಚ್‌ಗೆ ತಿಳಿದಿರಬಾರದು, ತಿಳಿದಿದ್ದರೆ ಎಲ್ಲಾದರೂ ಹೇಳಿಬಿಡುವ ಅಪಾಯವಿದೆ. ಉತ್ತರ ನೌಕರನ ಒಳಗೇ ಇರುತ್ತದೆ, ಕೋಚ್ ಅದನ್ನು ಪ್ರಶ್ನೆ ಕೇಳಿ ಹೊರಗೆ ತೆಗೆಯುತ್ತಾರೆ. ನಮಗೆ ನೇಮಕವಾದ ಕೋಚ್ ಇದಕ್ಕೆ ಮುಂಚೆ ಏನು ಕೆಲಸದಲ್ಲಿದ್ದರೆಂದು ಸೇವಾ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ನಾನು ಕೇಳಿದಾಗ ಅವರು, ನಾನು ಏನಾಗಿದ್ದೆ ಅಂತ ನಿಮಗೆ ಅನ್ನಿಸುತ್ತೆ ಎಂದು ಕೇಳಿದರು. ಆ ಕಲಂ ಇವತ್ತಿಗೂ ಖಾಲಿ ಇದೆ.

ನೌಕರರ ವೈಯಕ್ತಿಕ ಹಾಗೂ ವೃತ್ತಿಪರ ಬೆಳವಣಿಗೆ ಯೋಜನೆಯ ನಿಯಮಗಳು ಹನ್ನೊಂದು. ಎಲ್ಲವನ್ನೂ ಇಲ್ಲಿ ಕೊಡುವುದಿಲ್ಲ, ಈ ಬರಹಕ್ಕೆ ಬೇಕಾದ ಮೂರನ್ನು ಮಾತ್ರ ಕೊಡುತ್ತೇನೆ.

ನಿಯಮ ನಾಲ್ಕು: ಪ್ರತಿಯೊಬ್ಬ ನೌಕರನಲ್ಲಿಯೂ ಒಂದು ಕೊರತೆ ಇರತಕ್ಕದ್ದು. ಇಲ್ಲದಿದ್ದಲ್ಲಿ ಹದಿನೈದು ದಿನಗಳೊಳಗಾಗಿ ಹೊಂದತಕ್ಕದ್ದು.

ನಿಯಮ ಆರು: ಕೋಚಿಂಗ್‌ಗೆ ಮೊದಲು ಒಂದು ಆರಂಭಿಕ ಮೌಲ್ಯಮಾಪನ, ಮೂರು ತಿಂಗಳ ನಂತರ ಒಂದು ಅಂತಿಮ ಮೌಲ್ಯಮಾಪನ ನಡೆಯತಕ್ಕದ್ದು. ಎರಡರ ನಡುವಿನ ವ್ಯತ್ಯಾಸವೇ ಬೆಳವಣಿಗೆ.

ನಿಯಮ ಒಂಬತ್ತು: ಬೆಳವಣಿಗೆಗೆ ಕೊನೆಯಿಲ್ಲವಾದ್ದರಿಂದ, ಪ್ರತಿ ಅವಧಿಯ ಆರಂಭದಲ್ಲಿ ನೌಕರರು ಪುನಃ ಕೆಳಗಿನಿಂದ ಪ್ರಾರಂಭಿಸತಕ್ಕದ್ದು.

ಒಂಬತ್ತನೆಯ ನಿಯಮದ ಉದ್ದೇಶ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಎಲ್ಲರೂ ಬೆಳೆದು ಮುಗಿದರೆ ಕೋಚ್ ಜೊತೆಗಿನ ಒಪ್ಪಂದವೂ ಮುಗಿಯುತ್ತದೆ. ನಿರ್ದೇಶಕರ ಬಡ್ತಿ ಸಹ ಶಾಖೆಯ ಬೆಳವಣಿಗೆಯ ಮೇಲೆ ನಿಂತಿತ್ತು. ಆದ್ದರಿಂದ ನಾವು ಬೆಳೆಯುತ್ತಲೇ ಇರುವುದು ಇಬ್ಬರ ಪಾಲಿಗೂ ಅಗತ್ಯವಾಗಿತ್ತು.

ಆರಂಭಿಕ ಮೌಲ್ಯಮಾಪನದ ಮರ್ಮ ಎಲ್ಲರಿಗಿಂತ ಮೊದಲು ಹೊಳೆದದ್ದು ಅತ್ತಿಗೆಗೆ. ಅತ್ತಿಗೆ ಎಂದರೆ ಕಾಲಿನ ಪಟ್ಟಿಗಳನ್ನು ಹೊಲಿಯುವಾಕೆ. ಆಕೆಯ ಗಂಡ ನಮ್ಮಲ್ಲಿ ಯಾರಿಗೂ ಅಣ್ಣನಲ್ಲ, ಆದರೂ ಎಲ್ಲರೂ ಹಾಗೇ ಕರೆಯುತ್ತೇವೆ. ಇಪ್ಪತ್ತು ವರ್ಷದಿಂದ ಗೆರೆ ಎಳೆದ ಹಾಗೆ ಹೊಲಿಯುತ್ತಿದ್ದ ಆಕೆ ಆ ದಿನ ಸೊಟ್ಟಗೆ ಹೊಲಿದು ಹತ್ತಕ್ಕೆ ಎರಡು ಅಂಕ ತೆಗೆದುಕೊಂಡಳು. ಮೂರು ತಿಂಗಳ ನಂತರ ಎಂದಿನಂತೆ ನೆಟ್ಟಗೆ ಹೊಲಿದು ಒಂಬತ್ತು ತೆಗೆದುಕೊಂಡಳು. ಅಚ್ಚು ತೆಗೆಯುವ ಪ್ಲಾಸ್ಟರಿನವನು ನೀರು ಹಾಕುವುದನ್ನು ಮರೆತ. ನಾನು ಬೀರುವಿನ ಕೀಲಿಕೈ ಹುಡುಕಲು ನಲವತ್ತು ನಿಮಿಷ ತೆಗೆದುಕೊಂಡೆ, ಅದು ನನ್ನ ಜೇಬಿನಲ್ಲೇ ಇತ್ತು. ಅಂತಿಮ ಮೌಲ್ಯಮಾಪನದಲ್ಲಿ ಜೇಬಿಗೆ ಕೈ ಹಾಕಿ ತೆಗೆದೆ. ನನ್ನ ಬೆಳವಣಿಗೆ ಶೇಕಡಾ ತೊಂಬತ್ತೇಳು.

ಹೀಗೆ ಹದಿಮೂರು ಮಂದಿ ಬೆಳೆದೆವು. ಉಳಿದವರು ಮೇಸ್ತ್ರಿ.

ಮೇಸ್ತ್ರಿಯವರ ಕೆಲಸದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾಲು ಜೋಡಿಸಿ ಸರಿಮಾಡುವವರು ಅವರೊಬ್ಬರೇ. ಕಾಲು ಕಟ್ಟಿಸಿಕೊಂಡವರನ್ನು ನಮ್ಮ ಕಾರಿಡಾರಿನ ಹಳದಿ ಗೆರೆಯ ಮೇಲೆ ನಡೆಸುತ್ತಾರೆ. ಒಂದು ತುದಿಯಿಂದ ಇನ್ನೊಂದಕ್ಕೆ ಹದಿನೆಂಟು ಹೆಜ್ಜೆ. ಅವರು ನಡೆಯುವಾಗ ಮೇಸ್ತ್ರಿ ನೋಡುವುದಿಲ್ಲ. ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತು ಕೇಳುತ್ತಾರೆ. ಮಾಂಸದ ಕಾಲಿನ ಸದ್ದು, ಮಾಡಿದ ಕಾಲಿನ ಸದ್ದು ಎರಡೂ ಒಂದೇ ತೂಕದಲ್ಲಿ ಬೀಳಬೇಕು. ಕಣ್ಣಿಗೆ ಮೋಸ ಮಾಡಬಹುದು, ಯಾರೋ ನೋಡ್ತಿದಾರೆ ಅಂದ್ರೆ ಮನುಷ್ಯ ಬಿಗಿ ಹಿಡಿದು ನಡೀತಾನೆ, ಸದ್ದನ್ನು ಬಿಗಿ ಹಿಡಿಯೋಕಾಗಲ್ಲ ಎಂದು ಅವರು ಹೇಳುತ್ತಿದ್ದರು. ಸರಿಯಿಲ್ಲದಿದ್ದರೆ ಎದ್ದು ಬಂದು ಕಾಲು ಬಿಚ್ಚಿ ಅರ ಹಿಡಿಯುತ್ತಿದ್ದರು. ಅರ ಎಂದರೆ ಉಜ್ಜುವ ಹತಾರ. ಸರಿಯಾಗಿದ್ದರೆ ಸುಮಾರು ಹನ್ನೆರಡನೇ ಹೆಜ್ಜೆಗೆ, ತಿರುಗದೆಯೇ, "ಸರಿ" ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರು ಸರಿ ಎಂದ ಕಾಲು ವಾಪಸ್ ಬಂದದ್ದು ನನ್ನ ಪುಸ್ತಕದಲ್ಲಿಲ್ಲ.

ಆರಂಭಿಕ ಮೌಲ್ಯಮಾಪನದ ದಿನವೂ ಅವರು ಹೀಗೆಯೇ ಮಾಡಿದರು. ಹತ್ತಕ್ಕೆ ಹತ್ತು ಬಂತು. ಸಾಲಾಗಿ ನಿಂತಿದ್ದ ನಮಗೆಲ್ಲ ಮುಜುಗರವಾಯಿತು. ಮದುವೆ ಮನೆಯಲ್ಲಿ ಯಾರೋ ಸತ್ತವರ ಮಾತೆತ್ತಿದರೆ ಆಗುವಂಥ ಮುಜುಗರ.

ಮೂರು ತಿಂಗಳು ಕೋಚ್ ಅವರ ಜೊತೆ ವಾರಕ್ಕೊಮ್ಮೆ ಕೂತರು. ನಡಾವಳಿ ಬರೆಯಲು ನಾನೂ ಕೂರಬೇಕಾಗಿತ್ತು. ಮೊದಲ ದಿನದ್ದನ್ನು ಮಾತ್ರ ಇಲ್ಲಿ ಕೊಡುತ್ತೇನೆ, ಉಳಿದ ಹನ್ನೊಂದು ದಿನದ್ದೂ ಇದೇ.

"ನಿಮ್ಮಲ್ಲಿ ಏನು ಕೊರತೆ ಇದೆ ಅನ್ಸುತ್ತೆ?" ಎಂದು ಕೋಚ್ ಕೇಳಿದರು.

"ಎರಡನೇ ನಂಬರ್ ಅರ ಸವೆದುಹೋಗಿದೆ ಸರ್. ಎರಡು ವರ್ಷದಿಂದ ಬರೆದು ಕೊಡ್ತಿದೀನಿ."

"ಹೊರಗಿನ ಕೊರತೆ ಅಲ್ಲ. ನಿಮ್ಮ ಒಳಗಿನದು."

ಮೇಸ್ತ್ರಿ ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದರು. "ಒಳಗೆ ಸ್ವಲ್ಪ ಅಸಿಡಿಟಿ ಇದೆ," ಎಂದರು.

ಕೋಚ್ ನನ್ನ ಕಡೆ ತಿರುಗಿ, ಪ್ರತಿರೋಧ ಎಂದು ಬರೆದುಕೊಳ್ಳಿ ಎಂದರು. ಬರೆದುಕೊಂಡೆ. ಕೊರತೆಯ ಕಲಂ ಮಾತ್ರ ಖಾಲಿ ಉಳಿಯಿತು.

ಅಂತಿಮ ಮೌಲ್ಯಮಾಪನದಲ್ಲಿ ಅವರಿಗೆ ಪುನಃ ಹತ್ತಕ್ಕೆ ಹತ್ತು ಬಂತು. ಹತ್ತರಲ್ಲಿ ಹತ್ತು ಕಳೆದರೆ ಸೊನ್ನೆ. ಸೊನ್ನೆ ಬೆಳವಣಿಗೆಯ ನೌಕರನನ್ನು ಸ್ಥಗಿತ ನೌಕರ ಎಂದು ಕರೆಯುತ್ತಾರೆ, ಅಂಥವರಿಗೆ ಜವಾಬ್ದಾರಿಯ ಕೆಲಸ ಕೊಡುವಂತಿಲ್ಲ. ಮೇಸ್ತ್ರಿಯವರನ್ನು ಉಗ್ರಾಣಕ್ಕೆ ಹಾಕಿ, ಸ್ಕ್ರೂಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಕೆಲಸ ಕೊಟ್ಟರು. ಅವರ ಮೇಜನ್ನು ಪ್ಲಾಸ್ಟರಿನವನಿಗೆ ಕೊಟ್ಟರು, ಅವನು ಶೇಕಡಾ ಎಂಬತ್ತು ಬೆಳೆದಿದ್ದ. ಅವನು ಐದು ತಿಂಗಳಲ್ಲಿ ಒಂಬತ್ತು ಕಾಲು ಮಾಡಿದ, ಏಳು ವಾಪಸ್ ಬಂದವು. ಉಳಿದ ಎರಡನ್ನು ತೆಗೆದುಕೊಂಡು ಹೋದವರು ವಾಪಸ್ ಬರಲು ನಡೆಯಬೇಕಾಗಿತ್ತು.

ಕಾಯುವವರ ಬೆಂಚು ತುಂಬಿತು. ಅದರಲ್ಲಿ ಅಂಚೆಯಾಕೆಯೂ ಇದ್ದಳು. ಪತ್ರ ಹಂಚುತ್ತಿದ್ದವಳು, ಸೈಕಲ್ಲಿಗೆ ಲಾರಿ ತಾಗಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಪ್ರತಿ ಸೋಮವಾರ ಊರುಗೋಲಿನ ಮೇಲೆ ಬಂದು, ನನ್ನ ಕಿಟಕಿಯ ಮುಂದೆ ನಿಂತು, ಸರದಿ ಎಷ್ಟನೆಯದೆಂದು ಕೇಳಿ, ಹೋಗುವಾಗ ಬೆಂಚಿನ ಮೇಲಿದ್ದವರ ವಿಳಾಸಗಳನ್ನು ತಪ್ಪಿಲ್ಲದೆ ಹೇಳಿ ನಗಿಸಿ ಹೋಗುತ್ತಿದ್ದಳು. ಅವಳ ಮುನ್ನೂರು ಮನೆಗಳ ಬೀದಿಯನ್ನು ಅವಳ ಇಲಾಖೆ ವರ್ಷಾಂತ್ಯದವರೆಗೆ ಮಾತ್ರ ಅವಳ ಹೆಸರಿನಲ್ಲಿ ಇಟ್ಟಿರುತ್ತದೆ, ಆಮೇಲೆ ನೆಲಮಾಳಿಗೆಯಲ್ಲಿ ಮೊಹರು ಒತ್ತುವ ಮೇಜಿಗೆ ಹಾಕುತ್ತಾರೆ. "ಅಲ್ಲಿ ಕಿಟಕಿ ಇಲ್ಲ ಅಣ್ಣಾ," ಎಂದು ಒಮ್ಮೆ ಹೇಳಿದಳು. ದೂರಿನ ಹಾಗೆ ಹೇಳಲಿಲ್ಲ, ವಿಳಾಸ ಹೇಳಿದ ಹಾಗೇ ಹೇಳಿದಳು.

ಹೊಸ ಅವಧಿ ಹತ್ತಿರ ಬಂದಾಗ ನಿರ್ದೇಶಕರು ಮೇಸ್ತ್ರಿಯವರನ್ನು ಕೋಣೆಗೆ ಕರೆಸಿದರು. ಹದಿಮೂರು ಮಂದಿ ಬೆಳೆದು ಒಬ್ಬರು ಬೆಳೆಯದಿದ್ದರೆ ಶಾಖೆಯ ಒಟ್ಟು ಸಂಖ್ಯೆ ಚಂದ ಕಾಣುವುದಿಲ್ಲವೆಂದು ತಿಳಿಸಿದರು. ಮೇಜು ವಾಪಸ್ ಕೊಡುತ್ತೇನೆ, ಎರಡನೇ ನಂಬರ್ ಅರವನ್ನೂ ಹೊಸದು ತರಿಸುತ್ತೇನೆ ಎಂದರು.

"ನಾನು ಕೇಳ್ತಿರೋದು ಇಷ್ಟೇ," ಎಂದರು. "ಆರಂಭಿಕ ಮೌಲ್ಯಮಾಪನಕ್ಕೆ ಒಂದೇ ಒಂದು ಕೆಟ್ಟ ಕಾಲು."

"ಯಾರಿಗೆ ಸರ್?"

"ಯಾರಿಗಾದ್ರೂ."

"ಕಾಲು ಯಾರಿಗಾದ್ರೂ ಅಂತ ಆಗಲ್ಲ ಸರ್. ಒಬ್ಬರಿಗೇ ಆಗೋದು."

ಸರದಿಯ ಪ್ರಕಾರ ಆ ಒಬ್ಬರು ಅಂಚೆಯಾಕೆ. ನಿರ್ದೇಶಕರು ಪಟ್ಟಿ ತರಿಸಿ ಬೆರಳಿಟ್ಟು ತೋರಿಸಿದರು. ಮೇಸ್ತ್ರಿ ಒಪ್ಪಲಿಲ್ಲ, ಒಪ್ಪುವುದಿಲ್ಲ ಎಂದೂ ಹೇಳಲಿಲ್ಲ. ಉಗ್ರಾಣಕ್ಕೆ ಹೋಗಿ ಮಧ್ಯಾಹ್ನದವರೆಗೆ ಸ್ಕ್ರೂ ಬೇರೆ ಮಾಡಿದರು.

ಊಟದ ಹೊತ್ತಿನಲ್ಲಿ ಅತ್ತಿಗೆ ಅವರ ಪಕ್ಕ ಹೋಗಿ ಕೂತಳು. ನೀವು ನೆಟ್ಟಗೆ ಇರೋದನ್ನ ಯಾರು ನೋಡ್ತಾರೆ ಎಂದು ಕೇಳಿದಳು. "ಇಪ್ಪತ್ತು ವರ್ಷ ನೆಟ್ಟಗೆ ಹೊಲ್ದೆ, ಒಬ್ಬರೂ ತಲೆ ಎತ್ತಿ ನೋಡ್ಲಿಲ್ಲ. ಒಂದ್ಸಲ ಸೊಟ್ಟ ಹೊಲ್ದು ಆಮೇಲೆ ನೆಟ್ಟಗೆ ಹೊಲ್ದೆ ನೋಡಿ, ಪ್ರಮಾಣಪತ್ರ ಕೊಟ್ರು. ಮನೇಲಿ ಟಿವಿ ಮೇಲೆ ಇಟ್ಟಿದೀನಿ. ಈ ಸ್ಕ್ರೂ ಎಣಿಸ್ಕೊಂಡು ನೀವು ಯಾರಿಗೆ ಕಾಲು ಕೊಟ್ಟಂಗಾಯ್ತು ಹೇಳಿ." ಮರುದಿನ ಮೇಸ್ತ್ರಿ ತಮ್ಮ ಹಳೆಯ ಮೇಜಿಗೆ ಬಂದರು.

ಕೆಟ್ಟ ಕಾಲು ಮಾಡುವುದು ಒಳ್ಳೆಯ ಕಾಲು ಮಾಡುವುದಕ್ಕಿಂತ ಕಷ್ಟವೆಂದು ನನಗೆ ಆಗ ತಿಳಿಯಿತು. ಕುಂಟಬೇಕು, ಆದರೆ ಹುಣ್ಣಾಗಬಾರದು. ಸದ್ದು ಕೆಡಬೇಕು, ಸೊಂಟ ಕೆಡಬಾರದು. ಎಲ್ಲಿ ಎಷ್ಟು ತಪ್ಪಬೇಕೆಂದು ತಿಳಿಯಲು ಅವರಿಗೆ ಮೊದಲು ಸರಿಯಾದ ಕಾಲು ಬೇಕಾಯಿತು. ಹಾಗಾಗಿ ಮೊದಲು ಒಂದು ಸರಿಯಾದ ಕಾಲು ಮಾಡಿದರು, ಆಮೇಲೆ ಅದನ್ನು ಮುಂದಿಟ್ಟುಕೊಂಡು ಎರಡನೆಯದನ್ನು ಕೆಡಿಸಿದರು. ಸರಿಯಾದದ್ದಕ್ಕೆ ಒಂದು ದಿನ, ಕೆಟ್ಟದ್ದಕ್ಕೆ ಒಂಬತ್ತು ದಿನ ಹಿಡಿಯಿತು. ಸರಿಯಾದದ್ದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಬೀರುವಿನ ಕೆಳಗಿನ ಅರೆಯಲ್ಲಿ ಇಡಿ ಎಂದರು. ಪರೀಕ್ಷೆ ಮುಗಿದು ಕೋಚ್ ಆಚೆ ಹೋದ ಕೂಡಲೇ ಅಂಚೆಯಾಕೆಗೆ ಕಾಲು ಬದಲಿಸಿ ಕಳಿಸುವುದೆಂದು ಅವರ ಲೆಕ್ಕ. ಮೂರು ತಿಂಗಳಾದ ಮೇಲೆ ಅದೇ ಕಾಲಿನಲ್ಲಿ ಅವಳು ಅಂತಿಮ ಮೌಲ್ಯಮಾಪನಕ್ಕೆ ಬಂದರಾಯಿತು. ಇದು ನಿಯಮಕ್ಕೆ ವಿರುದ್ಧ. ಆದರೂ ನಾನು ಒಪ್ಪಿದೆ, ಏಕೆ ಒಪ್ಪಿದೆನೆಂದು ವಿವರಿಸಲು ನನಗೆ ಇವತ್ತಿಗೂ ಆಗಿಲ್ಲ.

ಮೌಲ್ಯಮಾಪನದ ದಿನ ಅಂಚೆಯಾಕೆ ಹಳದಿ ಗೆರೆಯ ಮೇಲೆ ಕೆಟ್ಟ ಕಾಲಿನಲ್ಲಿ ನಡೆದಳು. ಟಕ್, ಧಪ್. ಟಕ್, ಧಪ್. ಗೋಡೆಗೆ ಮುಖ ಮಾಡಿ ಕೂತಿದ್ದ ಮೇಸ್ತ್ರಿಯವರ ಕತ್ತು ಪ್ರತಿ ಧಪ್‌ಗೂ ಒಳಗೆ ಹೋಗುತ್ತಿತ್ತು. ಹದಿನೆಂಟೂ ಹೆಜ್ಜೆ ಮುಗಿದವು, ಅವರು ಸರಿ ಎನ್ನಲಿಲ್ಲ. ಕೋಚ್ ಹತ್ತಕ್ಕೆ ಮೂರು ಕೊಟ್ಟು, ಅವರ ಭುಜ ತಟ್ಟಿ, ಈಗ ನಿಮ್ಮ ಪಯಣ ಶುರುವಾಯ್ತು ಎಂದು ಹೇಳಿ ಮುಂದಿನ ಕೋಣೆಗೆ ಹೋದರು.

ಮೇಸ್ತ್ರಿ ನನಗೆ ಕಣ್ಸನ್ನೆ ಮಾಡಿದರು. ನಾನು ಕೀಲಿಕೈ ತೆಗೆದೆ. ಈ ಸಲ ಹುಡುಕಬೇಕಾಗಲಿಲ್ಲ. ಬಟ್ಟೆ ಬಿಚ್ಚಿ ಕಾಲನ್ನು ಅಂಚೆಯಾಕೆಯ ಮಡಿಲಿಗಿಟ್ಟು ಮೇಸ್ತ್ರಿ ತಗ್ಗಿದ ದನಿಯಲ್ಲಿ, ಇದು ನಿಂದು, ಅದು ಬರೀ ಪರೀಕ್ಷೆಗೆ ಅಂತ ಮಾಡಿದ್ದು, ಬೇಜಾರು ಮಾಡ್ಕೋಬೇಡ ತಾಯಿ ಎಂದರು.

ಅವಳು ಆ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಿಮ್ಮಡಿಯ ಮೇಲೆ ಹೆಬ್ಬೆರಳು ಸವರಿದಳು. ಆಮೇಲೆ ಅದನ್ನು ಮೇಸ್ತ್ರಿಯವರ ಕೈಗೇ ವಾಪಸ್ ಕೊಟ್ಟಳು.

"ಚೆನ್ನಾಗಿದೆ ಅಣ್ಣಾ. ಈಗ ಬೇಡ. ನಮ್ಮಲ್ಲೂ ಬಂದಿದೆ."

ಏನು ಬಂದಿದೆ ಎಂದು ನಾನು ಕೇಳಿದೆ.

"ಕೋಚಿಂಗು. ಬರೋ ಗುರುವಾರ ನಮ್ಮ ಆರಂಭಿಕ ಮೌಲ್ಯಮಾಪನ. ಒಂದು ಬೀದಿ ಹಂಚೋಕೆ ಎಷ್ಟು ಹೊತ್ತಾಗುತ್ತೆ ಅಂತ ಗಡಿಯಾರ ಹಿಡ್ಕೊಂಡು ಹಿಂದೆ ಬರ್ತಾರೆ. ಈ ಕಾಲು ಹಾಕ್ಕೊಂಡು ಹೋದ್ರೆ ಮೊದಲಿನ ಥರ ಎರಡೂವರೆ ಗಂಟೇಲಿ ಮುಗಿಸ್ಬಿಡ್ತೀನಿ. ಆಮೇಲೆ ಎಲ್ಲಿಗೆ ಬೆಳೀಲಿ? ಬೆಳೀದೇ ಇದ್ರೆ ನೆಲಮಾಳಿಗೆ."

ಒಳ್ಳೆ ಕಾಲು ಹಾಕ್ಕೊಂಡೇ ಕುಂಟಿದ ಹಾಗೆ ನಟಿಸು ಎಂದು ಮೇಸ್ತ್ರಿ ಹೇಳಿಕೊಟ್ಟರು. ಅವಳು ತಲೆಯಾಡಿಸಿದಳು. ಸುಳ್ಳು ಕುಂಟೋದು ನನ್ನ ಕೈಲಾಗಲ್ಲ, ಬೀದಿಯವರೆಲ್ಲ ನನ್ನನ್ನ ನಂಬ್ತಾರೆ ಎಂದಳು. ಸ್ವಲ್ಪ ಸಂಕೋಚದಿಂದ ಕೆಳಗೆ ತನ್ನ ಕಾಲನ್ನು ನೋಡಿಕೊಂಡು, "ಇದನ್ನೇ ಇನ್ನೊಂದ್ಚೂರು ಕೆಡಿಸಿ ಕೊಡ್ತೀರಾ? ಇಲ್ಲಿ ಮೂರು ಬಂತು. ಒಂದು ಬಂದಿದ್ರೆ ಚೆನ್ನಾಗಿತ್ತು," ಎಂದಳು.

ಮೇಸ್ತ್ರಿ ಹೊಸ ಎರಡನೇ ನಂಬರ್ ಅರವನ್ನು ಕಾಗದದಿಂದ ಬಿಚ್ಚಿದರು. ಅದರ ಮೊದಲ ಕೆಲಸ ಅದೇ ಆಯಿತು.

ಈ ಪ್ರಕರಣ ನಿರ್ದೇಶಕರ ಕಿವಿಗೆ ಬಿದ್ದೇಬಿತ್ತು. ನಾನು ಹೆದರಿದ್ದೆ, ಆದರೆ ಅವರು ಸಂತೋಷಪಟ್ಟರು. ಹದಿನೈದು ದಿನಗಳಲ್ಲಿ ಸುತ್ತೋಲೆ ಬಂತು. ಅದರ ಪ್ರಕಾರ ಇನ್ನು ಮುಂದೆ ಪ್ರತಿಯೊಬ್ಬ ಫಲಾನುಭವಿಗೂ ಎರಡು ಕಾಲು ತಯಾರಿಸತಕ್ಕದ್ದು. ಮೊದಲನೆಯದು ಆರಂಭಿಕ ಕಾಲು, ಇದನ್ನು ಕೂಡಲೇ ಕೊಡತಕ್ಕದ್ದು. ಎರಡನೆಯದು ಬೆಳೆದ ಕಾಲು, ಇದನ್ನು ಫಲಾನುಭವಿಗೆ ಕಾಣುವಂತೆ ಗಾಜಿನ ಬೀರುವಿನಲ್ಲಿ ಮೂರು ತಿಂಗಳು ಇಡತಕ್ಕದ್ದು, ಕಾಣುತ್ತಿದ್ದರೆ ಪ್ರೇರಣೆ ದೊರೆಯುತ್ತದೆ. ಎರಡು ಕಾಲು ಕೂಡಿದರೆ ಒಬ್ಬರೇ ಫಲಾನುಭವಿ. ನೂರ ಆರು ಕಾಲು ಎಂದು ಮೊದಲು ಹೇಳಿದ್ದರಲ್ಲಿ ಈ ಜೋಡಿಗಳನ್ನು ಓದುಗರು ಎರಡರಿಂದ ಭಾಗಿಸಿಕೊಳ್ಳಬಹುದು, ಆದರೆ ಅದಕ್ಕೂ ಬೇರೆ ಹಾಳೆ ಬೇಕಾಗುತ್ತದೆ.

ಜನ ಒಪ್ಪಿಕೊಂಡರು. ಬೆಂಚಿನ ಮೇಲೆ ಹೊಸಬರು ಬಂದರೆ ಹಳಬರೇ ತಿಳಿಸಿ ಹೇಳುತ್ತಿದ್ದರು: ಮೊದಲನೇದು ಹಂಗೇ ಇರುತ್ತೆ, ಮೂರು ತಿಂಗಳು ಕುಂಟಿದ್ರೆ ಮುಗೀತು, ಎಲ್ಲರಿಗೂ ಅಷ್ಟೇ. ಬೇಗ ಕೊಡಿ ಎಂದು ಜಗಳ ತೆಗೆದ ಒಬ್ಬ ಬಡಗಿಯನ್ನು ಕಾಲಿಲ್ಲದವರೇ ಸೇರಿ ಸಮಾಧಾನಪಡಿಸಿದರು. ಕೆಲವರು ಸೋಮವಾರ ಬಂದು ಬೀರುವಿನ ಗಾಜಿನಾಚೆ ತಮ್ಮ ಕಾಲನ್ನು ನೋಡಿ, ಅದರ ಚೀಟಿ ಓದಿ, ಕುಂಟಿಕೊಂಡು ಮನೆಗೆ ಹೋಗುತ್ತಿದ್ದರು. ನಾನು ಬೀಗ ತೆಗೆಯಲಿಲ್ಲ. ಆ ಅವಧಿಯಲ್ಲಿ ನನಗೆ ಗೊತ್ತುಪಡಿಸಿದ್ದ ಗುರಿ, ಬೇಡ ಎನ್ನಲು ಕಲಿಯುವುದು.

ಮೇಸ್ತ್ರಿ ಆ ಮೂರು ತಿಂಗಳು ಬಿಡುವಿಲ್ಲದೆ ಆರಂಭಿಕ ಕಾಲುಗಳನ್ನೇ ಮಾಡಿದರು. ಸರಿಯಾದ ಕಾಲನ್ನು ಅಳತೆಗಾಗಿ ಮೊದಲು ಮಾಡಿ, ಕಾರಿಡಾರಿನಲ್ಲಿ ನಡೆಸದೆಯೇ ಬೀರುವಿಗೆ ಕಳಿಸುತ್ತಿದ್ದರು. ಅದನ್ನು ಕೇಳುವುದು ಮೂರು ತಿಂಗಳ ನಂತರದ ಮಾತು. ದಿನವೂ ಗೋಡೆಗೆ ಮುಖ ಮಾಡಿ ಅವರು ಕೇಳುತ್ತಿದ್ದದ್ದು ಟಕ್, ಧಪ್. ಅಂಕ ಜಾಸ್ತಿ ಬರುವ ಹಾಗಿದ್ದರೆ ಎದ್ದು ಬಂದು ಅರ ಹಿಡಿಯುತ್ತಿದ್ದರು. ಮೊದಮೊದಲು ಅವರ ಕತ್ತು ಒಳಗೆ ಹೋಗುತ್ತಿತ್ತು. ಎರಡನೇ ತಿಂಗಳಿನಲ್ಲಿ ಅದು ನಿಂತಿತು. ಮೂರನೇ ತಿಂಗಳಿನಲ್ಲಿ ಒಂದು ದಿನ, ಸುಮಾರು ಹನ್ನೆರಡನೇ ಧಪ್‌ಗೆ, ಅವರು ತಿರುಗದೆಯೇ "ಸರಿ" ಎಂದದ್ದನ್ನು ನಾನು ಕೇಳಿದೆ. ಪುಸ್ತಕದಲ್ಲಿ ಅದಕ್ಕೆ ಕಲಂ ಇಲ್ಲದ್ದರಿಂದ ಬರೆದುಕೊಳ್ಳಲಿಲ್ಲ.

ಅಂತಿಮ ಮೌಲ್ಯಮಾಪನದ ದಿನ ಅಂಚೆಯಾಕೆ ಬಂದಳು. ನಾನು ಬೀಗ ತೆಗೆದು ಅವಳ ಕಾಲನ್ನು ಕೊಟ್ಟೆ. ಅವಳ ಇಲಾಖೆಯಲ್ಲಿ ಬೀದಿಗೆ ಆರು ಗಂಟೆ ಎಂದು ಆರಂಭಿಕ ದಾಖಲೆ ಬಿದ್ದಿತ್ತು, ಅವಳ ಬೀದಿ ಉಳಿಯುವುದು ಖಚಿತವಾಗಿತ್ತು. ಆ ಖುಷಿಯಲ್ಲಿ ಬೇಗಬೇಗ ಪಟ್ಟಿ ಬಿಗಿದುಕೊಂಡು ಗೆರೆಯ ಮೇಲೆ ನಿಂತಳು. ಮೇಸ್ತ್ರಿ ಗೋಡೆಗೆ ಮುಖ ಮಾಡಿ ಕೂತರು. ನಿರ್ದೇಶಕರು, ಕೋಚ್, ಅತ್ತಿಗೆ, ಎಲ್ಲರೂ ಬದಿಗೆ ನಿಂತಿದ್ದೆವು.

ಟಕ್, ಟಕ್. ಟಕ್, ಟಕ್. ಕಣ್ಣು ಮುಚ್ಚಿದರೆ ಯಾವುದು ಯಾವ ಕಾಲೆಂದು ಹೇಳಲಾಗುತ್ತಿರಲಿಲ್ಲ. ಹನ್ನೆರಡು ಹೆಜ್ಜೆಯಾಯಿತು. ಹದಿನೆಂಟಾಯಿತು. ಅಂಚೆಯಾಕೆ ತುದಿಯಲ್ಲಿ ತಿರುಗಿ ನಿಂತು ಆ ಮಾತಿಗಾಗಿ ಕಾದಳು. ಇನ್ನೊಂದ್ಸಲ ನಡಿ ತಾಯಿ ಎಂದರು ಮೇಸ್ತ್ರಿ. ನಡೆದಳು. ಇನ್ನೊಂದ್ಸಲ ಎಂದರು. ಮೂರನೇ ಸಲ ಅವರು ಸ್ಟೂಲಿನಿಂದ ತಿರುಗಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ನಡೆಯುವವರ ಕಾಲನ್ನು ಕಣ್ಣಿನಿಂದ ನೋಡಿದರು.

"ಏನೋ ಒಂದು ಇಲ್ಲ ಅನ್ಸುತ್ತೆ," ಎಂದರು. ಆಮೇಲೆ ನಮ್ಮೆಲ್ಲರನ್ನೂ ನೋಡಿ, "ಸರಿ ಇದೆಯಾ? ನೀವೇ ಹೇಳಿ. ನಂಗೆ ಗೊತ್ತಾಗ್ತಿಲ್ಲ," ಎಂದರು.

ಕೋಚ್ ಅವರ ಕಣ್ಣುಗಳು ಒದ್ದೆಯಾದವು. ಅವರು ಮೇಸ್ತ್ರಿಯವರ ಎರಡೂ ಕೈ ಹಿಡಿದುಕೊಂಡು, ಒಂದು ವರ್ಷದಿಂದ ಈ ಮಾತಿಗೇ ಕಾಯ್ತಿದ್ದೆ ಎಂದರು. ಅಂಕ ಹತ್ತಕ್ಕೆ ಹತ್ತು ಬಂತು. ಮೂರರಿಂದ ಹತ್ತು, ಕಚೇರಿಯಲ್ಲೇ ಅತ್ಯಧಿಕ ಬೆಳವಣಿಗೆಗಳಲ್ಲಿ ಒಂದು. ನಿರ್ದೇಶಕರು ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು, ಅಂಚೆಯಾಕೆಯೂ ತಟ್ಟಿದಳು. ಅತ್ತಿಗೆ ಪ್ರಮಾಣಪತ್ರವನ್ನು ಟಿವಿ ಮೇಲೆ ಇಟ್ಟರೆ ಬಿಸಿಲು ಬೀಳಲ್ಲ ಎಂದು ಮೇಸ್ತ್ರಿಯವರಿಗೆ ತಿಳಿಸಿದಳು. ಅವರು ಆಗಲಿ ಎಂದು ತಲೆಯಾಡಿಸಿದರು.

ಸಂಜೆ ಕಡತ ಮುಚ್ಚುವ ಮುನ್ನ ಕೋಚ್ ಬಂದು, ಒಂದು ವರ್ಷದಿಂದ ಖಾಲಿ ಇದ್ದ ಆ ಕಲಂ ಮೇಲೆ ಬೆರಳಿಟ್ಟರು. ಮೇಸ್ತ್ರಿಯವರ ಕೊರತೆ ಏನು ಎಂಬ ಕಲಂ. ನನ್ನ ಅಕ್ಷರ ದುಂಡಗಿದೆಯೆಂದು ನನ್ನ ಕೈಯಲ್ಲೇ ಬರೆಸಿದರು. "ಸರಿ ಯಾವುದೆಂದು ತಿಳಿಯದು" ಎಂದು ಬರೆದು, ಮೇಸ್ತ್ರಿಯವರಿಗೆ ಓದಿ ಹೇಳಿ, ಸಹಿ ಪಡೆದು, ಬೀರುವಿನಲ್ಲಿಟ್ಟು ಬೀಗ ಹಾಕಿದೆ.